ನೀವು ಕೇಳಿದ್ದು: ಹಿಲೋದ ಹುಲಾ, ನಮ್ಮ ದೊಡ್ಡಾಟ

ಅಮೆರಿಕದ ಹವಾಯಿ ದ್ವೀಪಗಳ ಹಿಲೋ ಊರಿನಲ್ಲಿ ಹುಲಾ ಅನ್ನುವ ಕುಣಿತಕ್ಕಾಗಿಯೇ ಒಂದು ವಾರ ನಡೆಯುವ ಹಬ್ಬದ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಪತ್ರಗಳು ಬಂದಿವೆ, ಹೆಚ್ಚಿನವು ಧಾರವಾಡ, ಗದಗ, ಹಾವೇರಿ ಕಡೆಯವು. ಈ ಸಲ ಇಡೀ ಜಾಗ ಅವಕ್ಕೇ.

ಪ್ರಶ್ನೆ: ಅಕ್ಕಾ, ಸಿನಿಮಾದಲ್ಲಿ ತೋರಿಸ್ತಾರಲ್ಲ, ಹುಲ್ಲಿನ ಲಂಗ ಹಾಕ್ಕೊಂಡು ಸೊಂಟ ಕುಣಿಸೋದು, ಹುಲಾ ಅಂದ್ರೆ ಅದೇನಾ? ಅದಕ್ಕೆ ಒಂದು ವಾರದ ಹಬ್ಬ ಯಾಕೆ?
- ಭರತನಾಟ್ಯ ಕಲಿಯುವ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅದಲ್ಲ ತಂಗಿ. ಸಿನಿಮಾದ ಆ ಕುಣಿತ ಪ್ರವಾಸಿಗರ ಕಣ್ಣಿಗಾಗಿ ಬೆಳೆದದ್ದು. ಹುಲಾದಲ್ಲಿ ಮೊದಲು ಬರೋದು ಹಾಡಿನ ಮಾತು, ಆಮೇಲೆ ಮೈ. ಮಾತಿಲ್ಲದೆ ಹುಲಾ ಇಲ್ಲ. ಪದಕ್ಕೆ ಅಭಿನಯ ಮಾಡೋದು ನಿನಗೆ ಗೊತ್ತಿರುವುದರಿಂದ ಇದು ಬೇಗ ಹಿಡಿಸುತ್ತದೆ: ಮಳೆ, ಅಲೆ, ರಾಜರ ವಂಶ, ಜ್ವಾಲಾಮುಖಿಯ ದೇವಿ ಪೆಲೆಯ ಸಿಟ್ಟು, ಎಲ್ಲವನ್ನೂ ಕೈ ಹೇಳುತ್ತದೆ. ಹಳೆಯ ಬಗೆಯ ಹುಲಾಕ್ಕೆ ಕಾಹಿಕೊ ಅನ್ನುತ್ತಾರೆ. ಅದರಲ್ಲಿ ಪಠಣ ಇರುತ್ತದೆ, ಜೊತೆಗೆ ಸೋರೆ ಬುರುಡೆಯ ಇಪು ಮತ್ತು ಶಾರ್ಕ್ ಮೀನಿನ ಚರ್ಮ ಬಿಗಿದ ಪಹು, ಎರಡೂ ತಾಳವಾದ್ಯಗಳು. ಔಅನ ಅನ್ನೋದು ಆಮೇಲೆ ಬಂದದ್ದು, ಅದಕ್ಕೆ ಉಕುಲೇಲೆ ಅನ್ನುವ ಪುಟ್ಟ ತಂತಿವಾದ್ಯ, ಗಿಟಾರು ಎಲ್ಲ ಸೇರುತ್ತವೆ. ಕಲಿಸುವವರು ಕುಮು ಹುಲಾ, ಅವರ ಶಾಲೆಯೇ ಹಾಲೌ.

ಹಬ್ಬ ಯಾಕೆ ಅಂದ್ರೆ, ಈ ಕಲೆ ಇನ್ನೇನು ಹೋಗೇಬಿಡುತ್ತಿತ್ತು. 1820ರಲ್ಲಿ ಕ್ರೈಸ್ತ ಮಿಷನರಿಗಳು ಬಂದರು. ರಾಣಿ ಕಅಹುಮನು ಆ ಧರ್ಮಕ್ಕೆ ಸೇರಿ, 1830ರಲ್ಲಿ ಹುಲಾವನ್ನು ಜನರ ಮುಂದೆ ಕುಣಿಯಬಾರದು ಅಂದಳು. ಮನೆಗಳಲ್ಲಿ, ಹಳ್ಳಿಗಳಲ್ಲಿ ಗುಟ್ಟಾಗಿ ಉಳಿಸಿಕೊಂಡವರಿಂದ ಅದು ಉಳಿಯಿತು. 1874ರಲ್ಲಿ ಪಟ್ಟಕ್ಕೆ ಬಂದ ರಾಜ ಡೇವಿಡ್ ಕಲಾಕೌಅ, 1883ರ ತನ್ನ ಕಿರೀಟಧಾರಣೆಯ ಸಮಾರಂಭದಲ್ಲಿ ಹುಲಾವನ್ನು ಎಲ್ಲರೆದುರು ಆಡಿಸಿದ. ಎಷ್ಟೋ ಜನ ಮೂಗು ಮುರಿದರು, ಅವನು ಕೇಳಲಿಲ್ಲ. ಹಿಲೋ ಊರಿನ ಈ ಹಬ್ಬದ ಹೆಸರು ಮೆರ್ರಿ ಮೊನಾರ್ಕ್, ಅಂದ್ರೆ ಮೋಜುಗಾರ ರಾಜ; ಅದು ಅವನ ಅಡ್ಡಹೆಸರೇ.

ಪ್ರಶ್ನೆ: ನಮ್ಮದು ದೊಡ್ಡಾಟದ ಮೇಳ. ನಮ್ಮ ಅಜ್ಜನ ಕಾಲದಲ್ಲಿ ರಾತ್ರಿಯಿಡೀ ಆಟ. ಈಗ ಉತ್ಸವಕ್ಕೆ ಕರೀತಾರೆ, ಭಾಷಣ ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಕೊಡ್ತಾರೆ, ಅಷ್ಟರಲ್ಲಿ ಆರ್ಕೆಸ್ಟ್ರಾದವರು ಮೈಕು ಕಟ್ಟೋಕೆ ಶುರು ಮಾಡ್ತಾರೆ. ಆ ಹವಾಯಿಯವರು ಹೇಗೆ ಉಳಿಸಿಕೊಂಡ್ರು, ನಮಗೂ ಹೇಳ್ರಿ.
- ಮೇಳದ ಮಾಸ್ತರು, ಶಿಗ್ಗಾವಿ ತಾಲೂಕು

ಉತ್ತರ: ಮಾಸ್ತರೇ, ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು. ಈ ಹಬ್ಬದ ಕತೆಯಲ್ಲಿ ನಿಮಗೇ ಬೇಕಾದ ಒಂದು ಭಾಗ ಇದೆ, ಅದನ್ನೇ ಹೇಳುತ್ತೇನೆ.

1960ರಲ್ಲಿ ಸುನಾಮಿ ಬಂದು ಹಿಲೋ ಊರು ನೆಲಕಚ್ಚಿತು. ವ್ಯಾಪಾರ ಹೋಯಿತು. ಜನ ಬರಲಿ, ನಾಲ್ಕು ಕಾಸು ಓಡಾಡಲಿ ಅಂತ 1964ರಲ್ಲಿ ಈ ಹಬ್ಬ ಶುರು ಮಾಡಿದರು. ಆಗ ಅದರಲ್ಲಿ ಏನಿತ್ತು ಗೊತ್ತಾ? ರಾಜ ಕಲಾಕೌಅನ ಹಾಗೆ ಗಡ್ಡ ಬಿಟ್ಟವರ ಸ್ಪರ್ಧೆ, ಓಟದ ಪಂದ್ಯ, ಕಿರೀಟಧಾರಣೆಯ ವೇಷ, ಇಂಥವೇ. ಜನರನ್ನು ಸೇರಿಸಲು ಏನು ಬೇಕೋ ಅದೆಲ್ಲ ಇತ್ತು, ಆದರೂ ಕೆಲವೇ ವರ್ಷಕ್ಕೆ ಹಬ್ಬ ಸೊರಗಿತು. ಇನ್ನು ನಿಲ್ಲಿಸೋಣ ಅನ್ನುವ ಹೊತ್ತಿಗೆ ಡಾಟಿ ಥಾಂಪ್ಸನ್ ಅನ್ನುವ ಹೆಣ್ಣುಮಗಳು ಜವಾಬ್ದಾರಿ ತೆಗೆದುಕೊಂಡರು. ಕುಮು ಹುಲಾ ಜಾರ್ಜ್ ನಾಒಪೆ ಮೊದಲಾದವರು ಜೊತೆಗೂಡಿದರು. 1971ರಲ್ಲಿ ಹುಲಾ ಸ್ಪರ್ಧೆ ಶುರುವಾಯಿತು, ಮೊದಲು ಹೆಂಗಸರಿಗೆ, 1976ರಿಂದ ಗಂಡಸರಿಗೂ. ಹಬ್ಬ ಗಟ್ಟಿಯಾಗಿ ಬೇರೂರಿದ್ದು ಆಗಲೇ. ಜನಕ್ಕಾಗಿ ಮಾಡಿದಾಗ ಜನ ಉಳಿಯಲಿಲ್ಲ, ಕಲೆಗಾಗಿ ಮಾಡಿದಾಗ ಬಂದರು. ಈಗ ಟಿಕೆಟ್ ಸಿಗುವುದೇ ಕಷ್ಟ.

ಸ್ಪರ್ಧೆ ಅಂದ ಮಾತ್ರಕ್ಕೆ ಕಲೆ ಉಳಿಯುವುದಿಲ್ಲ, ಅದೂ ನಿಜ. ನಮ್ಮಲ್ಲಿ ಸ್ಪರ್ಧೆಗಳಿಗೇನು ಬರವಿಲ್ಲ. ಅಲ್ಲಿ ಏನನ್ನು ಅಳೆಯುತ್ತಾರೆ ಅನ್ನೋದು ಮುಖ್ಯ. ರಂಗಕ್ಕೆ ಬರುವ ಬಗೆ, ಹೊರಡುವ ಬಗೆ, ಉಡುಪು, ಹೂವಿನ ಹಾರ, ಹಾಡಿನ ಭಾಷೆ, ಅದರ ಅರ್ಥ ಮೈಯಲ್ಲಿ ಬಂದಿದೆಯೋ ಇಲ್ಲವೋ, ಎಲ್ಲವನ್ನೂ ನೋಡುತ್ತಾರೆ. ತೀರ್ಪು ಕೊಡುವವರು ಹುಲಾದಲ್ಲೇ ಬದುಕು ಸವೆಸಿದ ಹಿರಿಯರು. ತಾವು ಆಡುವ ಹಾಡು ಎಲ್ಲಿಯದು, ಯಾಕೆ ಹೀಗೆ ಆಡುತ್ತೇವೆ ಅನ್ನುವುದನ್ನು ಹಾಲೌದವರು ಮೊದಲೇ ಬರೆದು ಕೊಡಬೇಕು. ಹೀಗಾಗಿ ಕುಣಿಯುವ ಹುಡುಗ ಹುಡುಗಿಯರು ಭಾಷೆಯನ್ನೂ ಕಲಿಯಲೇಬೇಕಾಯಿತು. 1896ರ ಕಾನೂನಿನಿಂದ ಶಾಲೆಗಳಲ್ಲಿ ಇಂಗ್ಲಿಷೇ ನಡೆದು, ಹವಾಯಿ ಭಾಷೆ ಮನೆಮಾತಾಗಿಯೂ ಉಳಿಯದ ಸ್ಥಿತಿಗೆ ಬಂದಿತ್ತು. 1978ರಲ್ಲಿ ಅದು ರಾಜ್ಯದ ಅಧಿಕೃತ ಭಾಷೆಯಾಯಿತು, 1984ರಲ್ಲಿ ಆ ಭಾಷೆಯದೇ ಶಿಶುವಿಹಾರ ಶುರುವಾಯಿತು. ಹುಲಾ ಒಂದರಿಂದಲೇ ಇದೆಲ್ಲ ಆಯಿತು ಅನ್ನಲಾರೆ, ಆದರೆ ಹುಲಾ ಇಲ್ಲದೆ ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ನೀವು ಇಷ್ಟು ಮಾಡಿ ನೋಡಿ. ನಿಮ್ಮ ಊರ ಜಾತ್ರೆಯಲ್ಲೇ ಒಂದು ರಾತ್ರಿ ಬರೀ ದೊಡ್ಡಾಟಕ್ಕೆ ಬಿಡಿ ಅಂತ ಕಮಿಟಿಯನ್ನು ಕೇಳಿ. ಅಂದು ಆರ್ಕೆಸ್ಟ್ರಾ ಬೇಡ, ಸನ್ಮಾನ ಬೇಡ. ಸುತ್ತಲಿನ ಮೇಳಗಳನ್ನು ಕರೆಯಿರಿ. ಬಹುಮಾನ ಚಿಕ್ಕದಿರಲಿ, ತೀರ್ಪಿಗೆ ಮಾತ್ರ ಹಳೇ ಮಾಸ್ತರುಗಳನ್ನು, ಹಿಮ್ಮೇಳದಲ್ಲಿ ಹಾಡಿದವರನ್ನು ಕೂರಿಸಿ. ಕಿರೀಟ, ಭುಜಕೀರ್ತಿ ಎಷ್ಟು ಹೊಳೆಯಿತು ಅನ್ನೋದಕ್ಕಿಂತ ಪದ ಎಷ್ಟು ಸ್ಪಷ್ಟ ಬಂತು, ಹೆಜ್ಜೆ ಪದಕ್ಕೆ ಕೂತಿತೋ ಅನ್ನೋದಕ್ಕೆ ಜಾಸ್ತಿ ಅಂಕ ಇಡಿ. ನಿಮ್ಮದೇ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ಅಲ್ಲಿಯವರನ್ನೂ ಕೇಳಿ, ಆಟ ಪೂರ್ತಿ ರೆಕಾರ್ಡ್ ಆಗಲಿ. ತಾಲೀಮಿಗೆ ಶಾಲೆ ಮಕ್ಕಳನ್ನು ಸೇರಿಸಿಕೊಳ್ಳಿ, ಹುಡುಗಿಯರನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಮನೆತನ ನೇಕಾರಿಕೆಯದು. ಅವರು ಏನು ಉಡ್ತಾರೆ? ಅವರದೇ ಬಟ್ಟೆ ಇದೆಯಾ?
- ಓದುಗರು, ಗದಗ-ಬೆಟಗೇರಿ

ಉತ್ತರ: ಇದೆ, ಆದರೆ ಅದಕ್ಕೆ ಮಗ್ಗ ಇಲ್ಲ. ವೌಕೆ ಅನ್ನುವ ಗಿಡದ ಒಳತೊಗಟೆಯನ್ನು ನೆನೆಹಾಕಿ, ಮರದ ಕೊಡತಿಯಿಂದ ಬಡಿದು ಬಡಿದು ತೆಳ್ಳಗೆ ಹರಡುತ್ತಾರೆ. ಅದೇ ಕಾಪಾ. ಬಿದಿರಿನಲ್ಲಿ ಕೊರೆದ ಅಚ್ಚಿನಿಂದ ಅದರ ಮೇಲೆ ವಿನ್ಯಾಸ ಒತ್ತುತ್ತಾರೆ. ಹೊರಗಿನ ಹತ್ತಿ ಬಟ್ಟೆ ಬಂದ ಮೇಲೆ ಈ ಕೆಲಸ ನಿಂತೇಹೋಗಿತ್ತು. 1970ರ ದಶಕದಿಂದ ಕೆಲವರು ಮ್ಯೂಸಿಯಂಗಳಲ್ಲಿದ್ದ ಹಳೇ ತುಂಡುಗಳನ್ನು ನೋಡಿ ನೋಡಿ ಮತ್ತೆ ಕಲಿತರು, ಇದನ್ನು ನಿಮ್ಮಂಥವರೇ ಸರಿಯಾಗಿ ಮೆಚ್ಚಬಲ್ಲಿರಿ. ನಮ್ಮ ಕೇದಿಗೆಯ ಬಳಗದ್ದೇ ಆದ ಹಲಾ ಗಿಡದ ಎಲೆಯಿಂದ ಚಾಪೆ, ಟೋಪಿ, ಬುಟ್ಟಿ ಹೆಣೆಯುತ್ತಾರೆ. ಹಬ್ಬದ ವಾರ ಹಿಲೋದಲ್ಲಿ ಕರಕುಶಲ ಮೇಳವೂ ಇರುತ್ತದೆ. ಕುಣಿಯುವವರು ಮುಡಿಯುವ ಹೂಗಳಲ್ಲಿ ಓಹಿಅ ಮರದ ಕೆಂಪು ಲೆಹುವಾ ತುಂಬಾ ಪ್ರೀತಿಯದು. ಆ ಮರಕ್ಕೆ ಶಿಲೀಂಧ್ರ ರೋಗ ತಗುಲಿದ ಮೇಲೆ ಎಷ್ಟೋ ಹಾಲೌಗಳು ಅದನ್ನು ಕೀಳುವುದನ್ನೇ ಬಿಟ್ಟವು.

ಪ್ರಶ್ನೆ: ಹವಾಯನ್ ಗಿಟಾರ್ ಅಂತಾರಲ್ಲ, ಅದು ಅಲ್ಲಿಯದೇ?
- ಸಂಗೀತ ಕೇಳುಗರು, ಧಾರವಾಡ

ಉತ್ತರ: ಹೌದು. ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವುದನ್ನು 19ನೇ ಶತಮಾನದ ಕೊನೆಯಲ್ಲಿ ಬೆಳೆಸಿದವರು ಅಲ್ಲಿಯ ಜೋಸೆಫ್ ಕೆಕುಕು. 1940ರ ದಶಕದಲ್ಲಿ ಟೌ ಮೋಎ ಅನ್ನುವ ವಾದಕರು ಕಲ್ಕತ್ತೆಯಲ್ಲಿದ್ದು ಇದನ್ನು ನಮ್ಮವರಿಗೆ ಪರಿಚಯಿಸಿದರು. ಆಮೇಲೆ ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ರಾಗ ನುಡಿಸಿದರು, ವಿಶ್ವಮೋಹನ ಭಟ್ಟರು ಮೋಹನ ವೀಣೆ ಮಾಡಿಕೊಂಡರು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಎಷ್ಟು ಚೆನ್ನಾಗಿ ಬರುತ್ತದೆ ಅಲ್ವಾ! ಉಕುಲೇಲೆ ಮಾತ್ರ 1879ರಲ್ಲಿ ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಬಂದ ಕೂಲಿಕಾರರ ಚಿಕ್ಕ ಗಿಟಾರಿನಿಂದ ಹುಟ್ಟಿದ್ದು.

ಪ್ರಶ್ನೆ: ಹೋಗೋಕಂತೂ ಆಗಲ್ಲ. ಮನೆಯಲ್ಲೇ ನೋಡಬಹುದಾ?
- ಗೃಹಿಣಿ, ಹುಬ್ಬಳ್ಳಿ

ಉತ್ತರ: ನೋಡಬಹುದು, ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರ ಇರುತ್ತದೆ. ಹಬ್ಬ ಈಸ್ಟರ್ ಭಾನುವಾರದಿಂದ ಶುರು. ಗುರುವಾರ ಒಬ್ಬೊಬ್ಬರೇ ಕುಣಿಯುವ ಯುವತಿಯರ ಸ್ಪರ್ಧೆ, ಶುಕ್ರವಾರ ಗುಂಪುಗಳ ಕಾಹಿಕೊ, ಶನಿವಾರ ಔಅನ. ಅಲ್ಲಿ ಸಂಜೆ 6 ಅಂದ್ರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 9:30. ಒಂದೇ ದಿನ ಬಿಡುವಿದ್ದರೆ ಕಾಹಿಕೊ ನೋಡಿ, ನಮ್ಮ ಲೆಕ್ಕದಲ್ಲಿ ಅದು ಶನಿವಾರ ಬೆಳಿಗ್ಗೆ.