ಥೈರಾಯ್ಡ್ ಗುಳಿಗೆ ನುಂಗಿದರೂ ಟಿಎಸ್‌ಎಚ್ ಯಾಕೆ ಇಳಿಯುತ್ತಿಲ್ಲ?

ಗದಗದಿಂದ ಕೇಳಿದ್ದೀರಿ: ಮೂರು ತಿಂಗಳಿಂದ ಗುಳಿಗೆ ತಪ್ಪಿಸಿಲ್ಲ, ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್, ಥೈರಾಯ್ಡ್ ಕಡಿಮೆಯಾದರೆ ಇದು ಏರುತ್ತದೆ) ಮಾತ್ರ ಇಳಿದಿಲ್ಲ. ಡೋಸ್ ಏರಿಸುವ ಮೊದಲು ಬೆಳಗಿನ ಚಹಾ ನೋಡಿ. ನಮ್ಮ ಕಡೆ ಎದ್ದ ಕೂಡಲೇ ಹಾಲು ಹಾಕಿದ ಚಹಾ ಬೇಕೇ ಬೇಕು. ಅದರ ಜೊತೆಗೇ ಗುಳಿಗೆ ನುಂಗಿದರೆ ಅದರಲ್ಲಿರುವ ಔಷಧ ಲಿವೊಥೈರಾಕ್ಸಿನ್ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಚಹಾ-ನಾಷ್ಟಾಕ್ಕೆ ಅರ್ಧದಿಂದ ಒಂದು ತಾಸು ಬಿಡಿ. ಕ್ಯಾಲ್ಸಿಯಂ, ಕಬ್ಬಿಣಾಂಶದ ಗುಳಿಗೆ ಇದ್ದರೆ ಅಂತರ 4 ತಾಸು. ಬಹಳ ಜನ ಎಡವುವುದು ಇಲ್ಲೇ. ಬೆಳಿಗ್ಗೆ ಆಗುವುದೇ ಇಲ್ಲವೆಂದರೆ ವೈದ್ಯರನ್ನು ಕೇಳಿ, ರಾತ್ರಿ ಊಟವಾಗಿ 3 ತಾಸಿನ ಮೇಲೆ ತೆಗೆದುಕೊಳ್ಳಬಹುದು. ಹೀಗೆ ಸರಿಪಡಿಸಿಕೊಂಡು 6–8 ವಾರಕ್ಕೆ ಮತ್ತೆ ರಕ್ತಪರೀಕ್ಷೆ ಮಾಡಿಸಿ. ಅದಕ್ಕಿಂತ ಮುಂಚೆ ಟಿಎಸ್‌ಎಚ್ ಸ್ಥಿರವಾಗಿರುವುದಿಲ್ಲ. ಬೇಸಿಗೆಯಲ್ಲಿ ಗುಳಿಗೆಯ ಬಾಟಲಿಯನ್ನು ಒಲೆಯ ಹತ್ತಿರ ಇಡಬೇಡಿ. ಗರ್ಭಿಣಿಯೆಂದು ತಿಳಿದರೆ ಮಾತ್ರ ಕಾಯಬೇಡಿ, ಅಂದೇ ವೈದ್ಯರಿಗೆ ಹೇಳಿ. ಡೋಸ್ ಸಾಮಾನ್ಯವಾಗಿ ಏರಿಸಬೇಕಾಗುತ್ತದೆ.