ಹೆಂಡತಿ ಪಂಚಾಯಿತಿಗೆ ನಿಂತರೆ ಗಂಡ ಎಷ್ಟು ಕೈ ಹಾಕಬೇಕು?

ನಿಮ್ಮ ಮನೆಯವರು ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುತ್ತಿದ್ದಾರೆ, ಪ್ರಚಾರದಲ್ಲಿ ನೀವು ಎಷ್ಟಿರಬೇಕು, ಗೆದ್ದ ಮೇಲೆ ಎಷ್ಟಿರಬೇಕು ಅಂತ ಕೇಳಿದ್ದೀರಿ. ನಾನು ಮೂವತ್ತು ತಿಂಗಳು 'ಅಧ್ಯಕ್ಷರ ಗಂಡ' ಆಗಿದ್ದವನು. ಚೆನ್ನಾಗಿ ನಿಭಾಯಿಸಿದೆ ಅಂತ ಹೇಳಲಾರೆ.

ಪ್ರಚಾರಕ್ಕೆ ಎಷ್ಟು ಬೇಕಾದರೂ ಓಡಾಡಿ. ಆದರೆ ಸರ್ಕಾರಿ ನೌಕರಿಯಲ್ಲಿದ್ದರೆ ಆ ಕಡೆ ಹೋಗಲೇಬೇಡಿ, ಹೆಂಡತಿಯೇ ನಿಂತಿದ್ದರೂ ನಡತೆ ನಿಯಮ ಬಿಡುವುದಿಲ್ಲ. 2020ರ ಡಿಸೆಂಬರ್ ಚುನಾವಣೆಯಲ್ಲಿ ನಮ್ಮ ವಾರ್ಡಿಗೆ ಮೂರು ಸೀಟು, ಒಬ್ಬೊಬ್ಬರಿಗೆ ಮೂರು ಓಟು. ಅದನ್ನು ವಯಸ್ಸಾದವರಿಗೆ ತಿಳಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತಿತ್ತು. ನಾನು ಹೋಟೆಲ್ ಮುಂದೆ, ಡೈರಿ ಹತ್ತಿರ ನಿಂತು ಮಾತಾಡಿಸುತ್ತಿದ್ದೆ, ನನ್ನ ಹೆಂಡತಿ ಸೀದಾ ಅಡುಗೆಮನೆವರೆಗೂ ಹೋಗುತ್ತಿದ್ದಳು. ನನಗೆ "ಆಯ್ತು ಬಿಡಣ್ಣ, ನಿಮಗೇ" ಅಂದ ಮನೆಯಲ್ಲೇ ಅವಳಿಗೆ ನಿಜ ಸಿಗುತ್ತಿತ್ತು, ನಲ್ಲಿಯಲ್ಲಿ ನೀರು ಬಂದು ಹತ್ತು ದಿನ ಆಯ್ತು, ನಿಮಗೆ ಯಾಕೆ ಓಟು ಹಾಕಬೇಕು ಅಂತ. ಗೆದ್ದಿದ್ದು ಅವಳ ಓಡಾಟದಿಂದ. ಕರಪತ್ರದಲ್ಲಿ ಮಾತ್ರ ನನ್ನ ಫೋಟೋ ಅವಳಷ್ಟೇ ದೊಡ್ಡದು, ಕೆಳಗೆ 'ಇವರ ಧರ್ಮಪತ್ನಿ' ಅಂತ ಬೇರೆ!

ತಪ್ಪು ಶುರುವಾಗಿದ್ದು ಗೆದ್ದ ಮೇಲೆ. ಅಧ್ಯಕ್ಷ ಸ್ಥಾನ ಮಹಿಳೆಗೆ ಬಂತು, ಅವಳು ಅಧ್ಯಕ್ಷೆಯಾದಳು, ಪಕ್ಕದ ಕುರ್ಚಿಯಲ್ಲಿ ನಾನು ಕೂತೆ. ಯಾರೂ ಏಳು ಅನ್ನಲಿಲ್ಲ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ನನಗೇ ಫೋನ್ ಮಾಡುತ್ತಿದ್ದರು, ನೀರುಗಂಟಿಯೂ ಅಷ್ಟೇ, ಕಂಟ್ರಾಕ್ಟರ್ ಅಂತೂ ಅವಳ ಮುಖವನ್ನೇ ನೋಡುತ್ತಿರಲಿಲ್ಲ. ಬಿಲ್ಲಿಗೆ ಡಿಜಿಟಲ್ ಸಹಿ ಹಾಕುವ, ಪೆನ್‌ಡ್ರೈವ್ ಥರದ ಅವಳ ಡಾಂಗಲ್ ನನ್ನ ಜೇಬಿನಲ್ಲಿ ಇರುತ್ತಿತ್ತು. 1987ರಲ್ಲಿ, ಈಗಿನ ಗ್ರಾಮ ಪಂಚಾಯಿತಿಗೆ ಮುಂಚೆ ಮಂಡಲ ಪಂಚಾಯಿತಿ ಇದ್ದಾಗ ನಮ್ಮ ಸೋದರತ್ತೆ ಮೆಂಬರ್ ಆಗಿದ್ದರು. ಆಗಲೇ ಹೆಂಗಸರಿಗೆ ಕಾಲು ಭಾಗ ಸೀಟು ಇತ್ತು. ಮಾವ ಪಂಚಾಯಿತಿ ಪುಸ್ತಕ ಮನೆಗೆ ತರುತ್ತಿದ್ದರು, ಅತ್ತೆ ಒಲೆ ಮುಂದೆ ಕೂತು ಸಹಿ ಹಾಕುತ್ತಿದ್ದರು. ಈಗ ಸೀಟು ಅರ್ಧಕ್ಕೆ ಬಂದಿದೆ, ಪುಸ್ತಕದ ಜಾಗಕ್ಕೆ ಡಾಂಗಲ್ ಬಂದಿದೆ, ಮಾವನ ಜಾಗದಲ್ಲಿ ನಾನು.

ಒಂದು ಚರಂಡಿ ಬಿಲ್ಲಿಗೆ ಹೀಗೇ ಸಹಿ ಹೋಯಿತು. ಕೆಲಸ ಅರ್ಧಕ್ಕೇ ನಿಂತಿದೆ ಅಂತ ವಾರ್ಡ್ ಸಭೆಯಲ್ಲಿ ಒಬ್ಬ ಅಜ್ಜಿ ಎದ್ದು, "ಏನಮ್ಮ, ನೋಡ್ದೇನೇ ದುಡ್ಡು ಕೊಟ್ಯಾ?" ಅಂತ ಅವಳನ್ನೇ ಕೇಳಿತು. ಅವಳಿಗೆ ಆ ಬಿಲ್ಲಿನ ವಿಷಯವೇ ಗೊತ್ತಿರಲಿಲ್ಲ. ನಾನು ಹಿಂದೆ ನಿಂತಿದ್ದೆ, ಬಾಯಿ ಬಿಡಲಿಲ್ಲ. ರಾತ್ರಿ ಮನೆಯಲ್ಲಿ ಬೈಯಲೂ ಇಲ್ಲ, ಕೈ ಚಾಚಿ "ಡಾಂಗಲ್ ಕೊಡಿ" ಅಂದಳು, ಅಷ್ಟೇ. ಆಡಿಟ್‌ನಲ್ಲಿ ಆಕ್ಷೇಪ ಬಂದರೆ ನೋಟಿಸ್ ಬರುವುದು ಅವಳ ಹೆಸರಿಗೆ, ಗಂಡನ ಹೆಸರಿಗಲ್ಲ. ಸಭೆಗಳಲ್ಲಿ ಗಂಡಂದಿರು ಕೂರಬಾರದು ಅಂತ ಇಲಾಖೆಯ ಸುತ್ತೋಲೆ ಇದೆ, ನಮ್ಮಲ್ಲಿ ಅದು ಫೈಲಿನಲ್ಲೇ ಇತ್ತು.

ದೊಡ್ಡ ಚುನಾವಣೆಯಲ್ಲೂ ಇದೇ ಕಥೆ ಬೇರೆ ಥರ ನಡೆಯುತ್ತದೆ. 2024ರಲ್ಲಿ ದಾವಣಗೆರೆ ಲೋಕಸಭೆಗೆ ಎದುರುಬದುರು ನಿಂತಿದ್ದು ಸಚಿವ ಎಸ್.ಎಸ್. ಮಲ್ಲಿಕಾರ್ಜುನ್ ಪತ್ನಿ ಪ್ರಭಾ, ಆಗಿನ ಸಂಸದ ಸಿದ್ದೇಶ್ವರ ಅವರ ಪತ್ನಿ ಗಾಯತ್ರಿ. ಗೆದ್ದಿದ್ದು ಪ್ರಭಾ. ಅಂಥ ಕಡೆ ಮನೆತನದ ಹೆಸರು ಪ್ರಚಾರಕ್ಕೆ ಬೇಕಾಗುತ್ತದೆ, ತಪ್ಪು ಅನ್ನಲ್ಲ. ಆದರೆ ಕಾನೂನಿಗೆ ಗಂಡ-ಹೆಂಡತಿ ನೆನಪಾಗುವುದು ನಾಮಪತ್ರದ ಜೊತೆ ಕೊಡುವ ಅಫಿಡವಿಟ್‌ನಲ್ಲಿ, ಇಬ್ಬರ ಆಸ್ತಿ, ಸಾಲ, ಚಿನ್ನ ಬರೆಯುವಾಗ. ಅಧಿಕಾರದಲ್ಲಿ ಪಾಲು ಅಂತ ಎಲ್ಲೂ ಇಲ್ಲ.

ಡಾಂಗಲ್ ಕೊಟ್ಟ ಮೇಲೆ ನಾನು ಅವಳನ್ನು ಬೈಕಿನಲ್ಲಿ ಬಿಟ್ಟು, ಆಚೆ ಟೀ ಅಂಗಡಿಯಲ್ಲಿ ಕೂರುತ್ತಿದ್ದೆ. ಮೊದಮೊದಲು ಜನ ಅಲ್ಲಿಗೇ ಅರ್ಜಿ ತರುತ್ತಿದ್ದರು, "ಹೆಂಗಸರ ಹತ್ರ ಏನ್ ಮಾತಾಡೋದು" ಅಂತ. ಒಳಗೆ ಕಳಿಸಿ ಕಳಿಸಿ ಸಾಕಾಗಿತ್ತು.

ಹಾಗಾಗಿ ಒಂದು ಕೆಲಸ ಈಗಲೇ ಮಾಡಿ. ನಾಮಪತ್ರ ಹಾಕುವ ಮುಂಚೆ ಅವರ ಹೆಸರಲ್ಲೇ ಒಂದು ಸಿಮ್ ತಗೊಂಡು, ಕರಪತ್ರಕ್ಕೂ ಪಂಚಾಯಿತಿಗೂ ಅದೇ ನಂಬರ್ ಕೊಡಿ. ನಾನು ನನ್ನದು ಕೊಟ್ಟಿದ್ದೆ. ಅವಳ ಅವಧಿ ಯಾವತ್ತೋ ಮುಗಿದಿದೆ, ಮೋಟಾರ್ ಸುಟ್ಟಿದೆ ಅಂತ ಬೆಳಿಗ್ಗೆ ಐದಕ್ಕೆ ಫೋನ್ ಬರುವುದು ಈಗಲೂ ನನಗೇ.