ಕಂದಕದಲ್ಲಿ ಸೈನಿಕರು ದಿನವಿಡೀ ಏನು ಮಾಡುತ್ತಿದ್ದರು?

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಮೊದಲ ಮಹಾಯುದ್ಧದಲ್ಲಿ ಸೈನಿಕರು ವರ್ಷಗಟ್ಟಲೆ ಕಂದಕದಲ್ಲೇ ಇದ್ದರು ಅಂತ ಓದಿದನಂತೆ. ‘ದಿನಾ ಗುಂಡು ಹಾರಿಸ್ತಾನೇ ಇದ್ರಾ ಅಮ್ಮ?’ ಅಂತ ಕೇಳಿದ. ಏನು ಹೇಳಲಿ ಸರ್? ನಮ್ಮ ಮೈಸೂರಿನವರೂ ಅಲ್ಲಿದ್ದರಾ?
– ಓದುಗರು, ಮದ್ದೂರು

ಉತ್ತರ: ಇಲ್ಲಮ್ಮ, ದಿನಾ ಗುಂಡಿನ ಕಾಳಗ ಇರುತ್ತಿರಲಿಲ್ಲ. ಜಾಸ್ತಿ ಹೊತ್ತು ಕೂಲಿ ಕೆಲಸ ಮತ್ತು ಕಾಯುವುದು. ಬೆಳಗಿನ ಜಾವ ಮತ್ತು ಸಂಜೆ ಮಬ್ಬಿನಲ್ಲಿ ಎಲ್ಲರೂ ಬಂದೂಕು ಹಿಡಿದು ಸಿದ್ಧವಾಗಿ ನಿಲ್ಲಬೇಕು. ದಾಳಿ ಬರುವ ಹೊತ್ತು ಅದೇ. ಹಗಲು ತಲೆ ಎತ್ತಿದರೆ ಗುರಿಕಾರನ ಗುಂಡು. ಹಾಗಾಗಿ ನಿಜವಾದ ಕೆಲಸ ಶುರುವಾಗುತ್ತಿದ್ದುದು ಕತ್ತಲಾದ ಮೇಲೆ. ಕುಸಿದ ಗೋಡೆ ಕಟ್ಟುವುದು, ಮಣ್ಣಿನ ಚೀಲ ತುಂಬುವುದು, ಮುಳ್ಳುತಂತಿ ಸರಿಮಾಡುವುದು, ಊಟ, ನೀರು ಹೊತ್ತು ತರುವುದು. ಕೆಲವು ದಿನ ಮುಂಚೂಣಿಯಲ್ಲಿದ್ದು, ಆಮೇಲೆ ಹಿಂದಿನ ಸಾಲಿಗೆ ಹೋಗುತ್ತಿದ್ದರು. ಒಬ್ಬನೇ ವರ್ಷಪೂರ್ತಿ ಅಲ್ಲೇ ಕೂರುತ್ತಿರಲಿಲ್ಲ.

ಮಗನಿಗೆ ಅವರ ಕಾಲಿನ ವಿಷಯ ಹೇಳಿ. ನಾನು ಮಂಡ್ಯದ ನಾಲೆ ಬಯಲಿನವನು. ನಮ್ಮವ್ವ ನಾಟಿ ಹಾಕಿ ಬಂದ ಸಂಜೆ, ಕೆಸರು ತಿಂದ ಬೆರಳ ಸಂದಿಗೆ ಹರಳೆಣ್ಣೆ ಹಚ್ಚಿಕೊಂಡು ಒಲೆ ಮುಂದೆ ಕಾಲು ಚಾಚುತ್ತಿದ್ದಳು. ಇತಿಹಾಸದ ಮೇಷ್ಟ್ರಾದ ಮೇಲೆ ಕಂದಕದ ಪಾಠ ಮಾಡುವಾಗೆಲ್ಲ ನನಗೆ ಆ ಕಾಲೇ ನೆನಪಾಗುತ್ತಿತ್ತು. ಫ್ರಾನ್ಸ್, ಬೆಲ್ಜಿಯಂನ ಆ ನೆಲದಲ್ಲಿ ಚಳಿಗಾಲಕ್ಕೆ ಕಂದಕ ತುಂಬ ನೀರು. ಒದ್ದೆ ಬೂಟಿನಲ್ಲಿ ಗಂಟೆಗಟ್ಟಲೆ ನಿಂತರೆ ಕಾಲು ಮರಗಟ್ಟಿ, ಊದಿ, ಕೊನೆಗೆ ಕೊಳೆಯುತ್ತಿತ್ತು. ಕೆಲವರ ಕಾಲನ್ನೇ ಕತ್ತರಿಸಬೇಕಾಯಿತು. ಕಾಲಿಗೆ ತಿಮಿಂಗಿಲದ ಎಣ್ಣೆ ತಿಕ್ಕಿ, ಒಣಗಿದ ಕಾಲುಚೀಲ ಹಾಕಿಕೊಳ್ಳಬೇಕು ಅಂತ ಬ್ರಿಟಿಷ್ ಸೇನೆಯಲ್ಲಿ ಆಜ್ಞೆಯೇ ಇತ್ತು. ಒಬ್ಬರ ಕಾಲನ್ನು ಇನ್ನೊಬ್ಬರು ನೋಡುತ್ತಿದ್ದರು. ಅವ್ವನಿಗೆ ಬೆಚ್ಚಗಿನ ಒಲೆಯಾದರೂ ಇತ್ತು, ಅವರಿಗೆ ಅದೂ ಇರಲಿಲ್ಲ.

ಜೊತೆಗೆ ಹೇನು, ಇಲಿ. ಅಂಗಿಯ ಹೊಲಿಗೆಯ ಸಾಲಿಗೆ ಮೇಣದಬತ್ತಿ ಹಿಡಿದು ಹೇನಿನ ಮೊಟ್ಟೆ ಸುಡುತ್ತಿದ್ದರು. ಕಂದಕದ ಜ್ವರ ಅನ್ನುವುದು ಆ ಹೇನಿನಿಂದಲೇ ಹರಡುತ್ತಿತ್ತು. ತಿನ್ನಲು ಡಬ್ಬಿ ಮಾಂಸ, ಕಲ್ಲಿನಂಥ ಬಿಸ್ಕತ್ತು. ನೀರನ್ನು ಪೆಟ್ರೋಲ್ ಡಬ್ಬಗಳಲ್ಲಿ ತರುತ್ತಿದ್ದರಿಂದ ಚಹಾಕ್ಕೂ ಅದೇ ವಾಸನೆ.

ನಮ್ಮ ದೇಶದವರು ಅಲ್ಲಿಗೆ ಹೋದದ್ದು 1914ರಲ್ಲೇ. ತೆಳು ಬಟ್ಟೆಯಲ್ಲಿ ಬಂದಿಳಿದವರು ಆ ಮೊದಲ ಚಳಿಗಾಲವನ್ನು ಕಂದಕದಲ್ಲೇ ಕಳೆದರು. ಅವರಿಗೆ ಹಿಟ್ಟು, ಬೇಳೆ, ತುಪ್ಪ, ಬೆಲ್ಲ ಬೇರೆಯಾಗಿ ಬರುತ್ತಿತ್ತು. ಆದರೆ ಊರಿಗೆ ಬರೆದ ಕಾಗದವನ್ನು ಮೊದಲು ಸೇನೆಯ ಅಧಿಕಾರಿಗಳು ಓದುತ್ತಿದ್ದರು. ಕಷ್ಟ ಹೇಳಿಕೊಳ್ಳಬೇಕೆಂದರೂ ಸುತ್ತಿ ಬಳಸಿ ಬರೆಯಬೇಕು. ನನಗೆ ಇವತ್ತಿಗೂ ಹೊಟ್ಟೆ ಕಿವುಚುವುದು ಇದೇ. 1915ರ ಕೊನೆಗೆ ಆ ಕಾಲಾಳುಗಳಲ್ಲಿ ಬಹುಪಾಲನ್ನು ಮೆಸೊಪೊಟೇಮಿಯಾಕ್ಕೆ, ಅಂದರೆ ಇವತ್ತಿನ ಇರಾಕಿಗೆ, ಕಳಿಸಿದರು.

ಮೈಸೂರು ಲ್ಯಾನ್ಸರ್ಸ್ ಮಾತ್ರ ಆ ಕೆಸರಿಗೆ ಹೋಗಲಿಲ್ಲ. ಅವರು ಕುದುರೆ ಪಡೆ. ಅವರ ಪಾಲಿಗೆ ಬಂದದ್ದು ಸೂಯೆಜ್ ಕಾಲುವೆ, ಆಮೇಲೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಸೈನಿಕ ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳವು. ಮಗ ದೆಹಲಿಗೆ ಹೋದರೆ ತೋರಿಸಿ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕ ಇದೆ, ಮದ್ದೂರಿನಿಂದ ಒಂದೇ ದಿನದಲ್ಲಿ ನೋಡಿ ಬರಬಹುದು.